ಹಳೆಯ ಎಲೆಗೆ ಹೊಸ ಅಚ್ಚು

ಒಬ್ಬನಲ್ಲಿ ಮಾತ್ರ ಇರುವ ವಸ್ತುವೊಂದನ್ನು ಅದೇ ರೂಪದಲ್ಲಿ ಮತ್ತೆ ನಿರ್ಮಿಸಿ ಹತ್ತು ಮಂದಿಗೆ ಹಂಚಿದರೆ, ಮೊದಲನೆಯವನಿಂದ ಏನನ್ನಾದರೂ ಅಪಹರಿಸಿದಂತಾಗುವುದೇ? ಅವನ ವಸ್ತುವು ಅವನ ಪೆಟ್ಟಿಗೆಯಲ್ಲಿಯೇ ಇರುವುದು. ಅದರ ಒಂದು ಗೆರೆಯೂ ಅಳಿದಿಲ್ಲ, ಒಂದು ಬಣ್ಣವೂ ಮಾಸಿಲ್ಲ. ಆದರೂ ತನಗೆ ನಷ್ಟವಾಯಿತೆಂದು ಅವನು ಮೊರೆಯಿಡುವನು. ಈ ಮೊರೆಯಲ್ಲಿ ನ್ಯಾಯವುಂಟೇ, ಉಂಟಾದರೆ ಎಷ್ಟರಮಟ್ಟಿಗೆ, ಎಂಬುದು ವಿಚಾರಕ್ಕೆ ತಕ್ಕ ಪ್ರಶ್ನೆ. ಆ ವಸ್ತುವು ಆಟದ ಎಲೆಯೆಂದು ಕೇಳಿದೊಡನೆ ಕೆಲವು ಹಿರಿಯರು ನಗಬಹುದು. ಇಸ್ಪೀಟೆಂದರೆ ಜಗಲಿಯ ಮೇಲಿನ ಕಾಲಹರಣವೆಂದೂ, ಪಣವೊಡ್ಡಿದರೆ ಮನೆಹಾಳೆಂದೂ ತಿಳಿದವರೇ ಹೆಚ್ಚು. ನಳನ ಕಥೆಯನ್ನೂ ಧರ್ಮರಾಯನ ಕಥೆಯನ್ನೂ ಕೇಳಿ ಬೆಳೆದವರಿಗೆ ಇದು ಸಹಜವೇ. ಆದರೆ ಮೈಸೂರಿನವರಿಗೆ ಹಾಗೆ ನಗಲು ಅಷ್ಟಾಗಿ ಅಧಿಕಾರವಿಲ್ಲ. ಎಲೆಯಾಟವನ್ನು ಶಾಸ್ತ್ರಗ್ರಂಥದೊಳಗೆ ಕುಳ್ಳಿರಿಸಿದ ದೊರೆಯು ಆಳಿದುದು ಈ ಊರಿನಲ್ಲಿಯೇ.

ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟವನ್ನೇರಿದರು. 1831ರಲ್ಲಿ ರಾಜ್ಯಭಾರವು ಕಂಪೆನಿಯವರ ಕೈಸೇರಿದ ಬಳಿಕ 1868ರಲ್ಲಿ ದೈವಾಧೀನರಾಗುವ ವರೆಗೆ ಅವರು ವಿದ್ಯೆ, ಚಿತ್ರಕಲೆ, ವಿನೋದಗಳಲ್ಲಿ ಕಾಲವನ್ನು ಸಾರ್ಥಕಪಡಿಸಿಕೊಂಡರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯು ಒಂಬತ್ತು ನಿಧಿಗಳುಳ್ಳ ಸಚಿತ್ರ ಮಹಾಗ್ರಂಥ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದುವು ದೇವತೆಗಳ ಧ್ಯಾನ, ವರ್ಣ, ಆಯುಧಗಳನ್ನು ಹೇಳಿದರೆ, ಕಡೆಯದಾದ ಕೌತುಕನಿಧಿಯು ಆಟಗಳಿಗೆ ಎಡೆಗೊಟ್ಟಿರುವುದು. 122 ಯೋಗಾಸನಗಳ ಚಿತ್ರಗಳಿರುವುದೂ ಈ ಕೌತುಕನಿಧಿಯಲ್ಲಿಯೇ ಎಂದರೆ, ಆಟವೂ ಸಾಧನೆಯೂ ಆ ದೊರೆಯ ಕಣ್ಣಿಗೆ ಎಷ್ಟು ಹತ್ತಿರವಾಗಿದ್ದುವೆಂಬುದು ಊಹ್ಯ. ಎಲೆಯಾಟಗಳಿಗೆ ಅಲ್ಲಿ 'ಛದ'ವೆಂದು ಹೆಸರು. ಛದವೆಂದರೆ ಎಲೆಯೆಂದು ಅಮರವನ್ನು ಬಾಯಿಪಾಠಮಾಡಿದವರಿಗೆ ಹೇಳಬೇಕಾದುದಿಲ್ಲ. ಮೂವತ್ತಾರು ಎಲೆಗಳ ಚಿಕ್ಕ ಆಟದಿಂದ ಹಿಡಿದು, ಹದಿನಾರು ವರ್ಗಗಳ 320 ಎಲೆಗಳುಳ್ಳ ಚಾಮುಂಡೇಶ್ವರೀ ಛದ, ಹದಿನೆಂಟು ವರ್ಗಗಳ 360 ಎಲೆಗಳುಳ್ಳ ಜಗನ್ಮೋಹನ ಛದದ ವರೆಗೆ ಅವು ಬೆಳೆದಿರುವುವು. 360 ಎಲೆಗಳನ್ನು ಕೈಯಲ್ಲಿ ಹಿಡಿದು ಆಡುವವನ ಧಾರಣಶಕ್ತಿಯು ಎಂತಹುದಿರಬೇಕು! ಈ ಕಾಲದ ಮಕ್ಕಳು ಐವತ್ತೆರಡಕ್ಕೇ ಬೇಸರಪಡುವರು.

ಗಂಜೀಫವು ಮೈಸೂರಿನಲ್ಲಿ ಹುಟ್ಟಿದುದಲ್ಲ. ಪಾರಸೀಕ ದೇಶದ ಕಡೆಯಿಂದ ಬಂದುದು. 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ಷಾ ಹಸನನಿಗೆ ಗಂಜೀಫವನ್ನು ಕಳುಹಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿರುವುದು. ಅಬುಲ್ ಫಜಲನು ಹನ್ನೆರಡು ವರ್ಗಗಳ 144 ಎಲೆಗಳ ಆಟವನ್ನು ವರ್ಣಿಸಿರುವನು. ಬಂದುದನ್ನು ಈ ದೇಶವು ತನ್ನದಾಗಿ ಮಾಡಿಕೊಂಡಿತು. ದಶಾವತಾರಗಳು ಹತ್ತು ವರ್ಗಗಳಾದುವು, ವರ್ಗಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕೆಯ ಎಲೆಗಳು, ಒಟ್ಟು 120. ಹಗಲಿನಲ್ಲಿ ಆಟವಾದರೆ ರಾಮನನ್ನು ಹಿಡಿದವನೂ, ಇರುಳಿನಲ್ಲಾದರೆ ಕೃಷ್ಣನನ್ನು ಹಿಡಿದವನೂ ಮೊದಲು ಆಡತಕ್ಕದ್ದು. ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಹುಣಿಸೆಬೀಜದ ಸರಿಯಿಂದ ಅಂಟಿಸಿ, ಸುಣ್ಣದ ಲೇಪಕೊಟ್ಟು, ದುಂಡಗೆ ಕತ್ತರಿಸಿ, ಬಣ್ಣ ತುಂಬಿ, ಅರಗಿನ ಹೊಳಪು ಕೊಟ್ಟರೆ ಒಂದು ಎಲೆಯಾಗುವುದು. ಅರಮನೆಗೆ ದಂತದ ಎಲೆಗಳೂ ಆಮೆಚಿಪ್ಪಿನ ಎಲೆಗಳೂ ಆದುವು. ಶ್ರೀಮಂತರದಕ್ಕೆ ದರ್ಬಾರ್ ಕಲಂ ಎಂದೂ, ಸಾಮಾನ್ಯರದಕ್ಕೆ ಬಜಾರ್ ಕಲಂ ಎಂದೂ ಹೆಸರು.

ಈ ಎರಡು ಕಲಮುಗಳ ವಿಷಯವು ಪ್ರಕೃತ ವಿಚಾರಕ್ಕೆ ಮುಖ್ಯವಾದುದು. ದಂತದ ರಾಮನೂ ಬಟ್ಟೆಯ ರಾಮನೂ ಬೆಲೆಯಲ್ಲಿ ಆನೆಯೂ ಆಡೂ. ಆದರೆ ಆಟದಲ್ಲಿ ಇಬ್ಬರೂ ರಾಜರೇ. ಅರಮನೆಯಲ್ಲಿ ದಂತದ ರಾಮನು ಯಾವ ಎಲೆಗಳನ್ನು ಗೆಲ್ಲುವನೋ ಅವನ್ನೇ ಗುಡಿಸಲಿನಲ್ಲಿ ಬಟ್ಟೆಯ ರಾಮನೂ ಗೆಲ್ಲುವನು. ಪೇಟೆಯಲ್ಲಿ ಅಗ್ಗದ ರಾಮನನ್ನು ಬರೆದುದರಿಂದ ಅರಮನೆಯ ರಾಮನಿಗೆ ಕುಂದಾಯಿತೆಂದು ಯಾವ ದೊರೆಯಾದರೂ ಚಿತ್ರಗಾರನ ಕೈಕಟ್ಟಿದನೆಂದರೆ ಅವನನ್ನು ಎಲ್ಲರೂ ಲೋಭಿಯೆನ್ನುತ್ತಿದ್ದರು.

ಈಗಿನ ವಿವಾದವು ಪರದೇಶದಿಂದ ಬಂದುದು. ಅಮೆರಿಕದಲ್ಲಿ 1993ರಲ್ಲಿ ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞನು 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಎಲೆಯಾಟವನ್ನು ಕಲ್ಪಿಸಿದನು, ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಸಂಸ್ಥೆಯು ಅದನ್ನು ಅಚ್ಚುಹಾಕಿತು. ಇದರಲ್ಲಿ ಎಲ್ಲರಿಗೂ ಸಮಾನವಾದ ಒಂದು ಕಟ್ಟು ಇರುವುದಿಲ್ಲ. ಒಳಗೇನಿದೆಯೆಂದು ತಿಳಿಯದ ಮುಚ್ಚಿದ ಪೊಟ್ಟಣಗಳನ್ನು ಕೊಂಡು, ಬದಲಾಯಿಸಿಕೊಂಡು, ಆಟಗಾರನು ತನ್ನ ಕಟ್ಟನ್ನು ತಾನೇ ಕೂಡಿಸತಕ್ಕದ್ದು. ಕೆಲವು ಎಲೆಗಳು ಬಲಿಷ್ಠ, ಕೆಲವು ದುರ್ಬಲ, ಬಲಿಷ್ಠವಾದುವು ವಿರಳ. ಆದುದರಿಂದ ಒಂದೇ ಎಲೆಯು ಏಕಕಾಲದಲ್ಲಿ ಆಟದ ಆಯುಧವೂ ಆಯಿತು, ಪೆಟ್ಟಿಗೆಯ ಒಡವೆಯೂ ಆಯಿತು. 1995ರಲ್ಲಿ ಸಂಸ್ಥೆಯು 'ಕ್ರಾನಿಕಲ್ಸ್' ಎಂಬ ಮಾಲೆಯಲ್ಲಿ ಹಿಂದಿನ ಎಷ್ಟೋ ಎಲೆಗಳನ್ನು ಮರುಮುದ್ರಿಸಿದಾಗ, ಅವುಗಳಿಗೆ ಬಿಳಿಯ ಅಂಚನ್ನಿಟ್ಟು ಹೊಸವೆಂದು ಸ್ಪಷ್ಟಪಡಿಸಿದ್ದರೂ, ಸಂಗ್ರಾಹಕರೂ ವ್ಯಾಪಾರಿಗಳೂ ಕೋಲಾಹಲವೆಬ್ಬಿಸಿದರು. 1996ರಲ್ಲಿ ಸಂಸ್ಥೆಯು ಅವರನ್ನು ಸಮಾಧಾನಪಡಿಸಲು ಒಂದು ಪಟ್ಟಿಯನ್ನು ಪ್ರಕಟಿಸಿ, ಇದರಲ್ಲಿರುವ ಎಲೆಗಳನ್ನು ಇನ್ನೆಂದಿಗೂ ಮುದ್ರಿಸುವುದಿಲ್ಲವೆಂದು ವಚನವಿತ್ತಿತು. ಅದಕ್ಕೆ 'ರಿಸರ್ವ್ಡ್ ಲಿಸ್ಟ್' ಎಂದು ಹೆಸರು. ಐದುನೂರಕ್ಕೂ ಮಿಕ್ಕಿದ ಎಲೆಗಳು ಅದರಲ್ಲಿ ಸೆರೆಯಾಗಿರುವುವು. ಅವುಗಳಲ್ಲೊಂದಾದ 'ಬ್ಲ್ಯಾಕ್ ಲೋಟಸ್', ಎಂದರೆ ಕರಿಯ ಕಮಲವು, 1993ರ ಮುದ್ರಣದ ಒಂದೇ ಒಂದು ಎಲೆ, 2021ರ ಹರಾಜಿನಲ್ಲಿ ಐದು ಲಕ್ಷ ಡಾಲರುಗಳಿಗೂ ಮಿಕ್ಕಿ ಬೆಲೆಬಾಳಿತು. ಆಟದ ಎಲೆಯೊಂದರಿಂದ ಒಂದು ಮನೆಯನ್ನಲ್ಲ, ಒಂದು ಬೀದಿಯನ್ನೇ ಕೊಳ್ಳಬಹುದಾದ ಕಾಲ ಬಂದಿತೆಂದಾಯಿತು.

ಸಂಗ್ರಾಹಕರ ಪಕ್ಷವನ್ನು ತುಚ್ಛವೆಂದು ತಳ್ಳಿಹಾಕಬಾರದು. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸದೆ ಸಿದ್ಧಾಂತಕ್ಕೆ ಹೋಗುವುದು ಶಾಸ್ತ್ರಮಾರ್ಗವಲ್ಲ. ಅವರು ಹೇಳುವುದು ಮುಖ್ಯವಾಗಿ ಎರಡು. ವಿರಳವೆಂಬ ನಂಬಿಕೆಯಿಂದಲೇ ಹೆಚ್ಚು ಬೆಲೆತೆತ್ತು ಕೊಂಡೆವು. ಮಾರಿದವನೇ ಆಮೇಲೆ ಅದನ್ನು ಸುಲಭಮಾಡಿದರೆ ಅದು ವಿಶ್ವಾಸಘಾತ ಎಂಬುದೊಂದು. ವಿರಳವಾದುದರಿಂದಲೇ ಜನರು ಈ ಎಲೆಗಳನ್ನು ಜೋಪಾನಮಾಡಿದರು. ಅಗ್ಗವಾದುದನ್ನು ಯಾರು ಕಾಪಾಡುವರು ಎಂಬುದು ಮತ್ತೊಂದು.

ಎರಡನೆಯ ಮಾತಿಗೆ ಮೈಸೂರಿನ ಚರಿತ್ರೆಯೇ ಉತ್ತರ. ಛದಗಳಿಗಿಂತ ವಿರಳವಾದ ಎಲೆಗಳು ಲೋಕದಲ್ಲಿ ಹೆಚ್ಚಿಲ್ಲ. ಆ ವಿರಳತೆಯು ಅವುಗಳನ್ನು ಕಾಪಾಡಿತೇ? ಅಗ್ಗದ ವಿಲಾಯಿತಿ ಇಸ್ಪೀಟು ಮನೆಮನೆಗೆ ನುಗ್ಗಿದಾಗ, ಕೈಯಿಂದ ಬರೆದ ಗಂಜೀಫವು ಅಟ್ಟವನ್ನು ಸೇರಿತು. ಉಳಿದ ಕಟ್ಟುಗಳಲ್ಲಿ ಅನೇಕವು ಪರದೇಶದ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತುವು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಗಂಜೀಫಗಳ ಪ್ರದರ್ಶನವು ನಡೆದು, ರುಡಾಲ್ಫ್ ಫಾನ್ ಲೈಡನ್ ಎಂಬ ವಿದ್ವಾಂಸನು ಅವುಗಳನ್ನು ಕುರಿತು ಗ್ರಂಥ ಬರೆದನು. ಎಲೆಗಳು ಅಲ್ಲಿ ಕ್ಷೇಮವಾಗಿರುವುವು, ನಿಜ. ಆದರೆ ಅವನ್ನು ಕಲಸಿ ಹಂಚಿ ಆಡಬಲ್ಲವರು ಮೈಸೂರಿನಲ್ಲಿಯೇ ಬೆರಳೆಣಿಕೆಗೆ ಇಳಿದರು. ವೀಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ವೈಣಿಕರ ವಂಶವನ್ನು ಮರೆತರೆ ಸಂಗೀತವು ಉಳಿಯಿತೆನ್ನುವವರು ಯಾರು? ಇದಕ್ಕೆ ಪ್ರತಿಯಾಗಿ ಮತ್ತೊಂದು ನಿದರ್ಶನವೂ ಮೈಸೂರಿನದೇ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯು ಇಲ್ಲಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದುದೂ, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದುದೂ ಸುಪ್ರಸಿದ್ಧ. ಅಚ್ಚಿನ ಪ್ರತಿಗಳು ಸಾವಿರಾರು ಆದುದರಿಂದ ಆ ಓಲೆಯ ಗೌರವವು ತಗ್ಗಿತೇ? ಅಚ್ಚಾದುದರಿಂದಲೇ ಅಲ್ಲವೇ ಲೋಕವು ಆ ಓಲೆಯ ಮುಂದೆ ಕೈಮುಗಿಯುವುದು! ಮರುಮುದ್ರಣವು ಮೂಲದ ಬೆಲೆಯನ್ನು ಕಳೆಯುವುದೆಂಬುದು ಸಾರ್ವತ್ರಿಕ ನಿಯಮವಲ್ಲ. ಬೆಲೆ ಕಳೆದುಕೊಳ್ಳುವುದು ದುರ್ಲಭತೆಯ ಹೊರತು ಬೇರೆ ಗುಣವಿಲ್ಲದ ವಸ್ತು ಮಾತ್ರ.

ಇನ್ನು ಎಲೆಯ ಸ್ವರೂಪವನ್ನೇ ನೋಡಬೇಕು. ಪದದ ಅರ್ಥವು ಜಾತಿಯೋ ವ್ಯಕ್ತಿಯೋ ಎಂದು ಮೀಮಾಂಸಕರೂ ನೈಯಾಯಿಕರೂ ಶತಮಾನಗಳ ಕಾಲ ವಾದಿಸಿದರು. ಮೀಮಾಂಸಕರು ಆಕೃತಿಯೇ ಎಂದರು. ನೈಯಾಯಿಕರು ವ್ಯಕ್ತಿ, ಆಕೃತಿ, ಜಾತಿ ಮೂರನ್ನೂ ಸೇರಿಸಿಕೊಂಡರು. ಆಡುವವನ ಕೈಯಲ್ಲಿ ಎಲೆಯು ಮೀಮಾಂಸಕರ ಪದಾರ್ಥ. 'ರಾಮ'ನೆಂದರೆ ಅಲ್ಲಿ ರಾಮನ ಸ್ಥಾನ. ಈ ರಾಮನೇ ಆಗಬೇಕೆಂಬ ಹಟವಿಲ್ಲ. ಅಷ್ಟೇ ಅಲ್ಲ, ಎಲ್ಲ ಎಲೆಗಳ ಬೆನ್ನೂ ಒಂದೇ ಬಗೆಯಾಗಿರಬೇಕು. ಒಂದರ ಬೆನ್ನಿನ ಮೇಲೆ ಗೀರೋ ಕಲೆಯೋ ಇದ್ದು ಎದುರಾಳಿಯು ಅದನ್ನು ಗುರುತಿಸಿದರೆ ಆಟವು ಮೋಸವಾಗುವುದು. ಎಂದರೆ, ವ್ಯಕ್ತಿವಿಶೇಷವು ಇಲ್ಲದಿರುವುದೇ ಆಟದ ಎಲೆಯ ಧರ್ಮ. ಸಂಗ್ರಾಹಕನಿಗಾದರೋ ವ್ಯಕ್ತಿವಿಶೇಷವೇ ಸರ್ವಸ್ವ: ಯಾವ ವರ್ಷದ್ದು, ಮೂಲೆ ಸವೆದಿದೆಯೇ, ಯಾರ ಕೈಯಿಂದ ಬಂದುದು. ಒಂದೇ ತುಂಡಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಧರ್ಮಗಳನ್ನು ಆರೋಪಿಸಿ, ಎರಡನ್ನೂ ಒಬ್ಬನಿಗೇ ಮಾರಿದುದರಿಂದಲೇ ಈ ವ್ಯಾಜ್ಯವೆಲ್ಲ ಹುಟ್ಟಿತು.

ದೃಷ್ಟಾಂತಕ್ಕಾಗಿ ಹಿನಕಲ್ಲಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿರುವ ಈ ಗ್ರಾಮವನ್ನು ನಗರವು ಬಳಸಿಕೊಂಡುಬಿಟ್ಟಿರುವುದು. ವರ್ತುಲ ರಸ್ತೆಯ ಮೇಲ್ಸೇತುವೆಯ ಕೆಳಗೆ ನಿಂತು ಇದು ಹಳ್ಳಿಯೆಂದರೆ ಹೊಸಬರು ನಂಬರು. ಅಲ್ಲಿನ ಹಳೆಯ ತೊಟ್ಟಿಯ ಮನೆಯೊಂದರಲ್ಲಿ, ತಾತನ ಪೆಟ್ಟಿಗೆಯೊಳಗೆ ದಶಾವತಾರ ಗಂಜೀಫದ ಒಂದು ಕಟ್ಟು ಇರುವುದೆಂದು ಇಟ್ಟುಕೊಳ್ಳೋಣ. ಎಣಿಸಿದರೆ 119. ವರಾಹನ ಮಂತ್ರಿಯು ಕಾಣೆಯಾಗಿರುವನು. 119 ಎಲೆಗಳಿದ್ದರೂ ಆಟವಿಲ್ಲ. ಒಂದು ಕಳೆದರೆ 120ರಲ್ಲಿ ಒಂದು ಪಾಲಲ್ಲ, ಇಡಿಯ ಆಟವೇ ಕಳೆಯಿತು. ಯಂತ್ರಗಣಕದ ಕೆಲಸದಲ್ಲಿರುವ ಮೊಮ್ಮಗನು ಅದನ್ನು ಕಂಡು ಹಿಗ್ಗಿ, "ತಾತ, ಮೈಸೂರಿನಲ್ಲಿ ಬರೆಯುವವರಿದ್ದಾರೆ, ಆ ಒಂದು ಎಲೆಯನ್ನು ಬರೆಯಿಸಿಬಿಡೋಣ. ನೀವು ಆಟ ಹೇಳಿಕೊಡಿ" ಎನ್ನುವನು. ಚಿಕ್ಕತಾತನು ಅಡ್ಡಬರುವನು: "ಬೇಡಪ್ಪ. ಹೊಸ ಎಲೆ ಸೇರಿತೆಂದರೆ ಹಳೆಯ ಸಾಮಾನು ಕೊಳ್ಳುವವರು ಮೂಗು ಮುರಿಯುತ್ತಾರೆ. ಇದ್ದ ಹಾಗೆಯೇ ಇರಲಿ." ಮೊಮ್ಮಗನಿಗೆ ಈ ಮಾತು ಸಣ್ಣತನವೆಂದು ತೋರುವುದು. ಆದರೆ ಅವನದೇ ಬೀರುವಿನಲ್ಲಿ, ಒಂದು ತಿಂಗಳ ಸಂಬಳವನ್ನು ಸುರಿದು ಕೊಂಡ ಪರದೇಶದ ಹಳೆಯ ಎಲೆಯೊಂದು ಬಿರುಸಾದ ಚೀಲದಲ್ಲಿ ಕುಳಿತಿರುವುದು. ಅದನ್ನು ನಾಳೆ ಮತ್ತೆ ಅಚ್ಚುಹಾಕುವರೆಂದು ಸುದ್ದಿ ಬಂದರೆ ಅವನಿಗೆ ನಿದ್ರೆಯಿಲ್ಲ. ತಾತನ ಎಲೆಗೆ ಜೀರ್ಣೋದ್ಧಾರವೆನ್ನುವವನು ತನ್ನ ಎಲೆಗೆ ವಿಶ್ವಾಸಘಾತವೆನ್ನುವನು! ಮಮಕಾರವು ಯುಕ್ತಿಯನ್ನು ಎತ್ತೆತ್ತ ತಿರುಗಿಸುವುದೆಂಬುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯದು.

ಆದರೂ ಮೊಮ್ಮಗನ ಪಕ್ಷದಲ್ಲಿ ಒಂದು ಸಾರವುಂಟು. ವರಾಹನ ಮಂತ್ರಿಯನ್ನು ಮತ್ತೆ ಬರೆಯುವುದಿಲ್ಲವೆಂದು ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವನ ಎಲೆಯ ವಿಷಯದಲ್ಲಿ ಮಾತು ಕೊಟ್ಟಿರುವುದು. 1995ರ ಮರುಮುದ್ರಣಕ್ಕೂ ಈಗ ಮಾಡಬಹುದಾದ ಮರುಮುದ್ರಣಕ್ಕೂ ಇರುವ ಅಂತರವು ಇದೇ. 1995ರಲ್ಲಿ ವಚನವಿರಲಿಲ್ಲ, ವಂಚನೆಯೂ ಇರಲಿಲ್ಲ; ಬಿಳಿಯ ಅಂಚೇ ಸಾಕ್ಷಿ. ಆಗ ಕಳೆದುದು ಸಂಗ್ರಾಹಕನ ಆಸೆಯೇ ಹೊರತು ಅವನ ಸ್ವತ್ತಲ್ಲ. ನೆರೆಯವನು ಬಾವಿ ತೋಡಿಸಿದುದರಿಂದ ನೀರು ಮಾರುವವನ ಲಾಭ ತಗ್ಗಿದರೆ ನೆರೆಯವನು ಕಳ್ಳನಾಗನು. 1996ರ ಬಳಿಕ ಸ್ಥಿತಿಯು ಬೇರೆ.

ಆ ವಚನವನ್ನು ಕೊಡಬಹುದಾಗಿತ್ತೇ ಎಂಬುದನ್ನು ಮೊದಲು ಕೇಳಬೇಕು. ವ್ಯವಹಾರಪದಗಳಲ್ಲಿ ದತ್ತಾಪ್ರದಾನಿಕವೆಂಬುದೊಂದುಂಟು, ನಾರದಾದಿ ಸ್ಮೃತಿಕಾರರು ಅಲ್ಲಿ ಕೊಡಬಹುದಾದುದನ್ನು ದೇಯವೆಂದೂ, ಕೊಡಬಾರದುದನ್ನು ಅದೇಯವೆಂದೂ ವಿಂಗಡಿಸಿದರು. ಅಡವು, ನಿಕ್ಷೇಪ, ಹಲವರಿಗೆ ಸಾಧಾರಣವಾದ ಸ್ವತ್ತು ಇವು ಅದೇಯ. ಸಂಸ್ಥೆಯು ಅಂದು ಕೊಟ್ಟುದು ಏನನ್ನು? ಮುಂದೆ ಹುಟ್ಟಿ ಆಟವಾಡಲಿರುವವರ ಅವಕಾಶವನ್ನು. ಅವರು ಆ ಸಭೆಯಲ್ಲಿರಲಿಲ್ಲ. ಅವರ ಪರವಾಗಿ ಮಾತಾಡಿದವರೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಮುದ್ರಣದ ಹಕ್ಕು ಸಂಸ್ಥೆಯದೇ ಆದುದರಿಂದ ಇದನ್ನು ಅದೇಯವೆಂದು ನಿಶ್ಚಯಿಸಿ ಹೇಳಲಾಗದು. ಆದರೆ ಅವಿವೇಕವೆಂದು ಹೇಳಬಹುದು. 'ಎಂದೆಂದಿಗೂ' ಎಂಬ ಮಾತು ಮನುಷ್ಯರ ಬಾಯಿಗೆ ದೊಡ್ಡದು. ಭೀಷ್ಮನು ಒಬ್ಬ ದಾಶರಾಜನನ್ನು ಒಪ್ಪಿಸುವುದಕ್ಕಾಗಿ ಆಡಿದ ಎಂದೆಂದಿಗೂ ಎಂಬ ಮಾತು ಕುರುಕುಲಕ್ಕೆ ಎಷ್ಟು ದುಬಾರಿಯಾಯಿತೆಂಬುದನ್ನು ವಾಚಕರು ಬಲ್ಲರು. ಅವನು ಹಿಂದಕ್ಕೆ ತೆಗೆದುಕೊಂಡನೇ? ಸತ್ಯವತಿಯೇ ಬೇಡಿದರೂ ಇಲ್ಲ.

ಅವಿವೇಕದಿಂದ ಕೊಟ್ಟ ವಚನವನ್ನು ನಡೆಸಬೇಕೇ ಎಂಬಲ್ಲಿ ಕೆಲವರು ಕರ್ಣಪರ್ವವನ್ನು ತೋರಿಸುವರು. ಗಾಂಡೀವವನ್ನು ಮತ್ತೊಬ್ಬನಿಗೆ ಕೊಡೆಂದವನನ್ನು ಕೊಲ್ಲುವೆನೆಂದು ಅರ್ಜುನನ ಪ್ರತಿಜ್ಞೆ. ಆ ಮಾತನ್ನು ಅಂದವನು ಅಣ್ಣನಾದ ಧರ್ಮರಾಯ. ಪೂಜ್ಯನಿಗೆ ಅವಮಾನವೇ ಮರಣವೆಂದು ಹೇಳಿ, ಬೈಗುಳದಿಂದ ಪ್ರತಿಜ್ಞೆಯನ್ನು ತೀರಿಸುವ ದಾರಿಯನ್ನು ಕೃಷ್ಣನು ತೋರಿಸಿದನು. ವಿಜರ್ಡ್ಸ್ ಸಂಸ್ಥೆಯವರೂ ಒಂದು ಸಂದನ್ನು ಹುಡುಕಿದ್ದರು: ಪಟ್ಟಿಯ ಎಲೆಗಳನ್ನು ಸಾಮಾನ್ಯ ರೂಪದಲ್ಲಿ ಮುದ್ರಿಸುವುದಿಲ್ಲ, ಮಿರುಗುವ ವಿಶೇಷ ರೂಪದಲ್ಲಾದರೆ ಮುದ್ರಿಸಬಹುದು ಎಂದು. ಕೆಲವನ್ನು ಹಾಗೆ ಮುದ್ರಿಸಿ, ಆಕ್ಷೇಪಣೆಗಳು ಬರಲಾಗಿ 2010ರಲ್ಲಿ ಆ ಸಂದನ್ನೂ ಮುಚ್ಚಿದರು. ಮುಚ್ಚಿದುದು ಸರಿ. ಕೃಷ್ಣನ ಉಪಾಯವು ಅಣ್ಣನ ಕೊಲೆಯನ್ನು ತಪ್ಪಿಸಲು; ಇವರದು ವ್ಯಾಪಾರಕ್ಕೆ. ಅಕ್ಷರವನ್ನುಳಿಸಿ ಅರ್ಥವನ್ನು ಕೊಲ್ಲುವ ಅಧಿಕಾರವು ಪ್ರಾಣಸಂಕಟದಲ್ಲಿರುವವನಿಗೆ ಇರಬಹುದು, ಅಂಗಡಿಯವನಿಗಿಲ್ಲ.

2022ರ ಪ್ರಸಂಗವು ಇನ್ನೂ ವಿಚಿತ್ರ. ಆಟಕ್ಕೆ ಮೂವತ್ತು ವರ್ಷವಾಗುವ ಸಂಭ್ರಮಕ್ಕೆಂದು ಸಂಸ್ಥೆಯು, ಪಟ್ಟಿಯಲ್ಲಿದ್ದ ಎಲೆಗಳೂ ಸೇರಿದಂತೆ, ಮೊದಲ ಕಾಲದ ಎಲೆಗಳನ್ನು ಅಚ್ಚುಹಾಕಿ ಮಾರಿತು. ವಚನವು ಮುರಿಯಲಿಲ್ಲವೆಂದು ತೋರಿಸಲು ಅವುಗಳ ಬೆನ್ನನ್ನು ಬೇರೆ ಮಾಡಿತು; ಆದುದರಿಂದ ಸ್ಪರ್ಧೆಗಳಲ್ಲಿ ಅವು ಸಲ್ಲುವುದಿಲ್ಲ. ಹದಿನೈದು ಎಲೆಗಳ ನಾಲ್ಕು ಪೊಟ್ಟಣಗಳಿಗೆ ಬೆಲೆ 999 ಡಾಲರು! ಒಳಗೆ ಯಾವ ಎಲೆಯೆಂಬುದು ಅದೃಷ್ಟಕ್ಕೆ ಬಿಟ್ಟುದು. ಹೀಗಾಗಿ ಆಡುವವನಿಗೆ ಎಲೆಯೂ ಸಿಕ್ಕಲಿಲ್ಲ, ಕೂಡಿಡುವವನಿಗೆ ನೆಮ್ಮದಿಯೂ ಉಳಿಯಲಿಲ್ಲ. ವಚನಪಾಲನೆಯ ಹೆಸರಿನಲ್ಲಿ ಎರಡು ಪಕ್ಷದವರನ್ನೂ ಅಸಂತುಷ್ಟರನ್ನಾಗಿ ಮಾಡುವ ಕೌಶಲವು ಎಲ್ಲರಿಗೂ ಬರುವುದಲ್ಲ.

ಹಾಗಾದರೆ ಬಡ ಆಟಗಾರನ ಗತಿಯೇನು? ಇಲ್ಲಿ ಒಂದು ಸಂಗತಿಯನ್ನು ಎರಡು ಪಕ್ಷದವರೂ ಮರೆಯುವರು. ವಚನವು ಕೊಟ್ಟವನನ್ನು ಮಾತ್ರ ಬಂಧಿಸುವುದು. ಹಿನಕಲ್ಲಿನ ಆ ಹುಡುಗನೂ ಅವನ ಗೆಳೆಯರೂ ರವಿವಾರ ಸಂಜೆ ಜಗಲಿಯಲ್ಲಿ ಕುಳಿತು, ಕಾಗದದ ಚೂರಿನ ಮೇಲೆ 'ಕರಿಯ ಕಮಲ' ಎಂದು ಬರೆದು, ಅದನ್ನೇ ಎಲೆಯೆಂದು ಭಾವಿಸಿ ಆಡಿದರೆ ಯಾರ ಮಾತೂ ಮುರಿಯದು, ಯಾರಿಗೂ ಮೋಸವಾಗದು. ಅದು ಬಜಾರ್ ಕಲಂ. ಆ ಚೂರನ್ನು ಹಳೆಯದರಂತೆ ಬಣ್ಣಕಟ್ಟಿ, ಮೂಲೆ ಸವೆಯಿಸಿ, ಮಾರಲು ಹೊರಟ ಕ್ಷಣದಲ್ಲಿ ಅದು ಕೌಟಿಲ್ಯನು ದಂಡ ವಿಧಿಸಿದ ಕೂಟರೂಪದ ವರ್ಗಕ್ಕೆ, ಎಂದರೆ ಕಳ್ಳನಾಣ್ಯದ ಪಂಕ್ತಿಗೆ, ಸೇರುವುದು. ಅನುಕೃತಿಯೂ ಕೂಟವೂ ರೂಪದಿಂದ ಒಂದೇ ಆಗಿರಬಹುದು. ಎದುರಿಗಿರುವವನಿಗೆ ಸತ್ಯವು ತಿಳಿದಿದೆಯೇ ಇಲ್ಲವೇ ಎಂಬುದರಿಂದ ಮಾತ್ರ ಅವು ಬೇರೆಯಾಗುವುವು.

ಗಂಜೀಫದಲ್ಲಿ ಮರುಮುದ್ರಣವು ಇನ್ನೊಬ್ಬನನ್ನು ಮುಟ್ಟುವುದು, ಅವನು ಚಿತ್ರಗಾರ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಸಾವಂತವಾಡಿಯ ರಾಜಮನೆತನದವರು ಅಲ್ಲಿನ ಗಂಜೀಫವನ್ನು ಮತ್ತೆ ಬದುಕಿಸಿದಂತೆ, ಮೈಸೂರು ಪ್ರಾಂತದಲ್ಲಿ ರಘುಪತಿ ಭಟ್ಟರು ಹಳೆಯ ಎಲೆಗಳನ್ನು ಅಭ್ಯಸಿಸಿ ಆ ಕಲೆಯನ್ನು ಎತ್ತಿನಿಲ್ಲಿಸಿದರು. ಗಂಜೀಫವೆಂಬುದು ಅವರ ಹೆಸರಿನ ಮುಂದೆಯೇ ಸೇರಿಕೊಂಡಿತು. ಮೈಸೂರಿನ ಗಂಜೀಫಕ್ಕೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿರುವುದು. ಕೌತುಕನಿಧಿಯ ಆಟಗಳು ಯಾವೊಬ್ಬನ ಸ್ವತ್ತೂ ಅಲ್ಲ. ಅವನ್ನು ಯಂತ್ರದಿಂದ ಅಚ್ಚುಹಾಕಿ ಶಾಲೆಯ ಮಕ್ಕಳಿಗೆ ನಾಲ್ಕು ಕಾಸಿಗೆ ಕೊಟ್ಟರೆ ಪುಣ್ಯವೇ. ಆದರೆ ಇಂದು ಬದುಕಿರುವ ಚಿತ್ರಗಾರನೊಬ್ಬನು ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಬರೆದ ಕಟ್ಟನ್ನು ಕೊಂಡು, ಛಾಯಾಚಿತ್ರ ತೆಗೆದು, ಅವನ ಹೆಸರನ್ನೂ ಹೇಳದೆ ಸಾವಿರ ಪ್ರತಿ ತೆಗೆಯುವವನು ಅವನ ಅನ್ನಕ್ಕೆ ಕೈಹಾಕಿದನು. ಸಂಗ್ರಾಹಕನ ನಷ್ಟಕ್ಕೂ ಈ ನಷ್ಟಕ್ಕೂ ಅಜಗಜಾಂತರ. ಒಬ್ಬನು ಕಳೆದುಕೊಂಡುದು ತಾನು ದುಡಿಯದ ಬೆಲೆಯೇರಿಕೆಯನ್ನು. ಇನ್ನೊಬ್ಬನು ಕಳೆದುಕೊಂಡುದು ದುಡಿದ ಕೂಲಿಯನ್ನು. ವಿಚಿತ್ರವೆಂದರೆ ಮೊದಲನೆಯವನ ಕೂಗು ಸಾಗರಗಳನ್ನು ದಾಟಿ ಕೇಳಿಸುವುದು, ಎರಡನೆಯವನದು ಪಕ್ಕದ ಬೀದಿಗೂ ಕೇಳಿಸದು.

ಹಿನಕಲ್ಲಿನ ಕಟ್ಟಿಗೆ ಬೇಕಾದ ವರಾಹನ ಮಂತ್ರಿಯನ್ನು ಬರೆಯಿಸುವುದಾದರೆ ಒಂದು ಸಣ್ಣ ತೊಡಕುಂಟು. ಹೊಸದೆಂಬ ಗುರುತು ಎಲೆಯ ಮೇಲೆ ಇರಲೇಬೇಕು. ಇಲ್ಲವಾದರೆ ಮುಂದೊಂದು ದಿನ ಯಾರಾದರೂ ಅದನ್ನೂ ಹಳೆಯದೆಂದು ಮಾರಿಬಿಡುವರು. ಬೆನ್ನಿನ ಮೇಲೆ ಬರೆದರೆ ಎದುರಾಳಿಗೆ ಅದು ವರಾಹನ ಮಂತ್ರಿಯೆಂದು ತಿಳಿದು ಆಟವು ಕೆಡುವುದು. ಮುಖದ ಕೆಳಗಡೆ, ಅಂಚಿನ ಬಳ್ಳಿಯ ಮರೆಯಲ್ಲಿ, ಚಿತ್ರಗಾರನ ಹೆಸರಿನ ಮೊದಲಕ್ಷರವನ್ನೂ ಸಂವತ್ಸರವನ್ನೂ ಕಿರಿದಾಗಿ ಬರೆಯಿಸತಕ್ಕದ್ದು. ಎಲೆಯನ್ನು ಹಿಡಿದವನಿಗೆ ಅದು ಕಾಣುವುದು. ಎದುರು ಕುಳಿತವನಿಗೆ ಕಾಣದು. ಬೆನ್ನಿನ ಬಣ್ಣವನ್ನು ಮಾತ್ರ ಉಳಿದ 119ರ ಮಾಸಿದ ಬಣ್ಣಕ್ಕೆ ಸರಿಹೊಂದಿಸಬೇಕಾಗುವುದು. ಅದಕ್ಕೆ ಚಿತ್ರಗಾರನು ಕೂಲಿ ಹೆಚ್ಚು ಕೇಳಿದರೆ ಚಿಕ್ಕತಾತನು ಚೌಕಾಸಿ ಮಾಡದಿರುವುದು ಒಳ್ಳೆಯದು.